ಒಂದೂವರೆ ಕಿಲೋ

ಕಂಪನಿ ಕೊಡುವುದು ಹದಿನೆಂಟು ಸಾವಿರ,
ಮೇಲಾದರೆ ನಿಮ್ಮ ಕೈಯಿಂದ, ಅಂದರು ಫೋನಿನಲ್ಲಿ.
ಊರೂರು ಅಲೆದು ಕಿವಿಯಂತ್ರ ಕೂರಿಸುವವಳಿಗೆ
ಎಂಥ ಲ್ಯಾಪ್‌ಟಾಪು ಬೇಕೆಂದು ಕೇಳಲಿಲ್ಲ.
ನಾನೇ ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡೆ:
ಹಗುರ ಇರಲಿ, ಹೆಗಲು ನನ್ನದು.
ತಂತಿ ಸಿಕ್ಕಿಸಲು ಎರಡು ತೂತು.
ಶಾಲೆ ಜಗಲಿಯ ಬಿಸಿಲಲ್ಲೂ ಪರದೆ ಕಾಣಲಿ.
ಕರೆಂಟು ಹೋದ ಮೇಲೂ...
ಅಷ್ಟರಲ್ಲಿ ಟಿಕೆಟ್ಟು ಮುಗಿಯಿತು.

ಮಂಡಿಪೇಟೆಯಲ್ಲಿ ಮಂಡಕ್ಕಿ ಅಂಗಡಿಯ ಪಕ್ಕ
ಹನ್ನೊಂದು ಮೆಟ್ಟಿಲು ಹತ್ತಿದರೆ ಜಬಿವುಲ್ಲಾ.
"ಹೊಸದಾದ್ರೆ ನಲವತ್ತು ಅಕ್ಕಾರ. ಇದ್ ನೋಡ್ರಿ,
ಎರಡನೇ ಕೈ. ಆದ್ರೆ ಮೊದಲನೇ ಕೈ ಭಾಳ ಮೆತ್ತಗಿತ್ತು."
ಮುಚ್ಚಳ ತೆರೆದೆ. ಸೊನ್ನೆ ಸವೆದಿತ್ತು.
ಉಳಿದ ಅಂಕಿಗಳು ಗಟ್ಟಿಮುಟ್ಟು, ಅಕ್ಷರಗಳಂತೂ
ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯ ಹಾಗೆ.
ಯಾವ ದಲಾಲಿ ಮಂಡಿಯ ಗುಮಾಸ್ತನೋ,
ಎಷ್ಟು ಸೊನ್ನೆ ಒತ್ತಿದ್ದನೋ
ಪರರ ಹೆಸರಿನ ಮುಂದೆ.

"ತೂಕ?" ಅಂದೆ.
"ಹೂವು" ಅಂದ.
ಹೂವನ್ನು ಎತ್ತಿಕೊಂಡು ಮೆಟ್ಟಿಲಿಳಿದೆ, ಅವನೂ ಹಿಂದೆಯೇ.
ಕೊಟ್ರಮ್ಮ ನಕ್ಕಳು: "ಮಂಡಕ್ಕಿ ಅಳೀತೀವಿ ಕಣವ್ವ, ತೂಗಲ್ಲ.
ತಕ್ಕಡಿ ಇರೋದು ಹುರಿಗಡಲೆಗೆ."
ಆದರೂ ತಟ್ಟೆಯನ್ನು ಸೆರಗಿನಿಂದ ಒರೆಸಿ
ಒಂದು ಕಡೆ ಲ್ಯಾಪ್‌ಟಾಪು, ಇನ್ನೊಂದು ಕಡೆ
ಕಿಲೋದ ಕಲ್ಲು, ಅರ್ಧದ ಕಲ್ಲು.
ಮುಳ್ಳು ಇನ್ನೂ ಓಲಾಡುತ್ತಿತ್ತು, ಚಿಕ್ಕ ಕಲ್ಲು ಸಿಗದೆ
ಹಿಡಿ ಗಡಲೆ ಸುರಿದಳು. ನಿಂತಿತು.
ಒಂದೂವರೆ ಕಿಲೋ, ಮೇಲೊಂದು ಹಿಡಿ ಗಡಲೆ.
ಮಂಡಕ್ಕಿಯಾದರೆ ಇಷ್ಟಕ್ಕೆ ಒಂದು ಚೀಲ,
ಮನೆಮಂದಿಯೆಲ್ಲ ವಾರ ತಿನ್ನಬಹುದು.
ಚಾರ್ಜರನ್ನೂ ಇಡಹೋದೆ. ಜಬಿವುಲ್ಲಾ ಅಡ್ಡ ಬಂದ:
"ಅದನ್ನ ತೂಗಬ್ಯಾಡ್ರಿ, ಮನಸ್ಸು ಕೆಡ್ತೈತೆ."

ಗುಂಡಿ ಒತ್ತಿದರೆ ಒಳಗಿಂದ ಗರಗರ.
"ಫ್ಯಾನಿಗೆ ವಯಸ್ಸಾಗೈತ್ರಿ, ಸುಳ್ಳು ಹೇಳಲ್ಲ.
ಅದಕ್ಕೇ ಎರಡು ಸಾವಿರ ಬಿಟ್ಟೀನಿ. ಬ್ಯಾಟರಿ ನಾಲ್ಕು ತಾಸು."
ಹದಿನೆಂಟೂವರೆಗೆ ಮುಗಿಯಿತು.
ಆ ಅರ್ಧ ನನ್ನದು.
ಬೆಣ್ಣೆದೋಸೆಯ ವಾಸನೆ ದಾಟಿಕೊಂಡು
ಬಸ್ ಸ್ಟ್ಯಾಂಡಿಗೆ ನಡೆದೆ.

ಜಗಳೂರಿನಾಚೆಯ ಶಾಲೆ. ಹನ್ನೊಂದಕ್ಕೆ ಕರೆಂಟು ಹೋಯಿತು.
ಬೆಂಚಿನ ಮೇಲೆ ಹತ್ತು ಜನ, ಹತ್ತೊಂಬತ್ತು ಕಿವಿ;
ಒಬ್ಬಾಕೆ ಒಂದೇ ಸಾಕು,
ಅತ್ತೆ ಕೂರುವ ಕಡೆಯದು ಬೇಡ ಅಂದಿದ್ದಳು.
ನಾಲ್ಕು ತಾಸು ಎರಡು ತಾಸು ಹತ್ತು ನಿಮಿಷವಾಯಿತು.
ಪರದೆ ಮಂಕು ಮಾಡಿದೆ, ವೈಫೈ ಆರಿಸಿದೆ.
ಒಂಬತ್ತು ಪರ್ಸೆಂಟು ಉಳಿದಾಗ ಪಾಲಯ್ಯ ಬಂದು ಕೂತರು.
ದಾವಣಗೆರೆಯ ಮಿಲ್ಲಿನಲ್ಲಿ ನೂಲಿನ ಖಾತೆ, ಮೂವತ್ತೊಂದು ವರ್ಷ.
ಈಗ ಕೇಳಿದ್ದಕ್ಕೂ ಕೇಳದ್ದಕ್ಕೂ ಒಂದೇ ಹೂಂ.
ಅಚ್ಚು ಕೂರಿಸಿ, ತಂತಿ ಸಿಕ್ಕಿಸಿ
ಸಣ್ಣ ಸದ್ದುಗಳನ್ನು ಒಂದೊಂದೇ ಮೆಟ್ಟಿಲು ಏರಿಸಿದೆ.
ಅಪ್ಪಾ ಅನ್ನಲು ಮಗಳು ಬಾಯಿ ತೆರೆದಿದ್ದಳು.
ಅವರು ಕೈ ಅಡ್ಡ ಹಿಡಿದರು.
ಕತ್ತು ವಾರೆ ಮಾಡಿ ಮೇಜಿನ ಕಡೆ ಬಾಗಿದರು.
"ಅದೇನದು, ಗರಗರ?"
ಫ್ಯಾನು, ಅಂದೆ. ಹಳೇದು. ಕಡಿಮೆಗೆ ಸಿಕ್ಕಿತು.
"ಮೊದ್ಲು ಅದನ್ನ ನಿಲ್ಸವ್ವ.
ಅದೇ ತಿಂದಿದ್ದು ನನ್ನ ಕಿವಿ."

ನಾಲ್ಕು ಪರ್ಸೆಂಟು. ಉಳಿಸಲು ಒತ್ತಿದೆ.
ನೀಲಿ ಗೆರೆ ತೆವಳಿ ತೆವಳಿ ತುದಿ ಮುಟ್ಟಿತು.
ಮುಚ್ಚಿದೆ.
ಗರಗರ ಇಳಿಯಿತು.
ಆಮೇಲೆ ಅವರಿಗೆ ಏನು ಕೇಳಿಸಿತೋ, ಹೇಳಲಿಲ್ಲ.
ಯಾರೋ ಚಪ್ಪಲಿ ಎಳೆದುಕೊಂಡು ಹೋದರೂ
ಬಾಗಿಲ ಕಡೆ ತಿರುಗುತ್ತಿದ್ದರು.

ಸಂಜೆ ಬಸ್ಸಿನಲ್ಲಿ ನಿಂತೇ ಬಂದೆ.
ಒಂದೂವರೆ ಕಿಲೋ, ಹಿಡಿ ಗಡಲೆ, ಮೇಲೆ ಚಾರ್ಜರು.
ಭಾನುವಾರ ಫ್ಯಾನು ಬದಲಿಸಬೇಕು.
ಎಂಟುನೂರು ಅನ್ನುತ್ತಾನೆ.
ಆರುನೂರೈವತ್ತಕ್ಕೆ ಇಳಿಸಬೇಕು.