ಸಾಲು ಇನ್ನೂರ ಹದಿನಾಲ್ಕು

ಗಂಗೋತ್ರಿಯ ತರಗತಿಯಲ್ಲಿ ಭತ್ತದ ಹೂವು
ಬಣ್ಣದ ಸೀಮೆಸುಣ್ಣದಲ್ಲಿ
ಹಲಗೆಯ ತುಂಬ ಇತ್ತು.
ಮಂಡ್ಯದ ಫಾರಮ್ಮಿನಲ್ಲಿ ನೋಡಿದರೆ
ನುಚ್ಚಕ್ಕಿಯಷ್ಟು.

ಬೆಳಗಿನ ಆರಕ್ಕೆ ಕೆಸರಿಗಿಳಿದೆ.
ಚಿಮಟ ಹಿಡಿದ ಕೈ ನಡುಗಿ
ಮೂರು ತೆನೆ ಮುರಿದವು.
ಚಿಕ್ಕತಾಯಮ್ಮ, ಇಪ್ಪತ್ತಾರು ವರ್ಷದ ದಿನಗೂಲಿ,
ಬೆನ್ನ ಹಿಂದೆ ನಿಂತು ಅಂದಳು:
"ಉಸುರು ಹಿಡ್ಕೊಳವ್ವ.
ಮಗೀನ್ ಕಣ್ಣಿಂದ ಕಸ ತಗ್ಯೋ ಹಂಗೆ.
ಆರವೆ ಒಳಗೆ. ಐದ್ ತಗ್ದು ಒಂದ್ ಬುಟ್ರೆ
ಆರೂ ಬುಟ್ಟಂಗೇಯ."

ಇದನ್ನೇ ಪ್ರೊಫೆಸರು
ಒಂದು ಗಂಟೆ ಹೇಳಿದ್ದರು.

ಬೆಣ್ಣೆಕಾಗದದ ಕುಲಾವಿ, ದಾರ, ಚೀಟಿ.
ಚೀಟಿಗೆ ಪೆನ್ಸಿಲ್ಲೇ ಆಗಬೇಕು,
ಶಾಯಿ ಒಂದು ಮಳೆಗೇ ಮಾತು ತಪ್ಪುತ್ತದೆ.
ನಾಲೆಯಾಚೆ ಆಲೆಮನೆಯ ಹೊಗೆ,
ಪಾಕದ ವಾಸನೆಗೆ ಹೊಟ್ಟೆ ಚುರುಗುಟ್ಟಿ
ನಾನು ಗಡಿಯಾರ ನೋಡಿದ್ದೇ ನೋಡಿದ್ದು.
ಹೂವು ತನ್ನ ಹೊತ್ತಿಗೆ ಬಾಯಿ ತೆರೆಯಿತು.

ಎರಡು ವರ್ಷ.
ಉಪ್ಪು ತಾಳಲೆಂದು ಕೂಡಿಸಿದ ತಳಿ
ತಾಳಲಿಲ್ಲ.
ನಾಲೆಯ ತುದಿಯ ಚೌಳು ತಾಕಿನಲ್ಲಿ
ಸಾಲು ಇನ್ನೂರ ಹದಿನಾಲ್ಕು
ಮೊಳಕಾಲುದ್ದ ಎದ್ದು, ಹಳದಿಗಟ್ಟಿ, ಕೂತುಬಿಟ್ಟಿತು.

ತಲೆ ತಗ್ಗಿಸಿ ಹೋದರೆ ಮಂಚಯ್ಯನವರು
ಕನ್ನಡಕ ಒರೆಸಿಕೊಂಡು ಲೆಡ್ಜರು ಬಿಚ್ಚಿದರು.
ಗೆದ್ದ ತಳಿಗೆ ಬರೆದಷ್ಟೇ ದುಂಡಗೆ ಬರೆದರು:
೨೧೪. ಬರಲಿಲ್ಲ. ಕಾರಣ, ಬೇರು.
ಆಮೇಲೆ, ಬೈಯುವವರಂತೆ ಅಲ್ಲ,
ಇನ್ನೊಂದು ಲೆಡ್ಜರು ನನ್ನತ್ತ ತಿರುಗಿಸಿದರು.
ಗೆದ್ದಲು ತಿಂದ ಅಂಚು, ಗುರುತಿರದ ಕೈಬರಹ,
ನಾನು ಹುಟ್ಟುವ ಮೊದಲಿನ ಮುಂಗಾರು,
ಹೆಚ್ಚುಕಡಿಮೆ ಅದೇ ಅಪ್ಪ, ಅದೇ ಅವ್ವ.
ಬರಲಿಲ್ಲ. ಕಾರಣ, ಬೇರು ಇರಬಹುದು.

"ಮೊದಲೇ ಕೇಳಿದ್ರೆ
ನಿಮಗೊಂದು ವರ್ಷ ಉಳೀತಿತ್ತು."
ಸ್ವಲ್ಪ ಹೊತ್ತು ಬಿಟ್ಟು:
"ಆ 'ಇರಬಹುದು' ಈಗ ಹೋಯ್ತು ನೋಡಿ."

ಯೋಜನೆಯ ದುಡ್ಡು ಮಾರ್ಚಿಗೆ ಮುಗಿಯಿತು.
ಚಳಿಕೋಣೆಯ ಡಬ್ಬಿಯಲ್ಲಿ ಒಂದು ಹಿಡಿ ೨೧೪ ಇದೆ.
ಬೀಜ ಮರೆಯುವ ಮುನ್ನ
ಚಿಕ್ಕತಾಯಮ್ಮ ಅದನ್ನು ಮತ್ತೆ ಬಿತ್ತುತ್ತಾಳೆ,
ಯಾರೂ ಕೇಳದ ತಳಿಗೂ
ಒಂದೂವರೆ ಗೇಣು ಪಾತಿ.
ಯಾಕೆ ಅಂದರೆ, "ಯಾರಾರ ಕೇಳ್ಕಂಡ್ ಬಂದ್ರೆ?"

ಈಗ ಗಂಗೋತ್ರಿಯಲ್ಲಿ ಹಲಗೆಯ ಮುಂದೆ ನಾನು.
ಹೂವನ್ನು ಇದ್ದಷ್ಟೇ ಬರೆಯುತ್ತೇನೆ.
ಹಿಂದಿನ ಬೆಂಚು ಕೂಗುತ್ತದೆ:
ಮೇಡಂ, ಏನೂ ಕಾಣ್ತಿಲ್ಲ.

ಇಲ್ಲಿಂದ ಕಾಣಲ್ಲ, ಅನ್ನುತ್ತೇನೆ.
ನಾಳೆ ಮಂಡ್ಯದ ಬಸ್ಸು ನಾಲ್ಕೂಮುಕ್ಕಾಲಿಗೆ.
ಪೆನ್ಸಿಲ್ ತನ್ನಿ.