ಮೂರು ಮಿಲಿಮೀಟರ್

ಅಸೈನ್‌ಮೆಂಟ್ ನಾಲ್ಕು: ಒಂದು ಸಂಗೀತದ ಆಲ್ಬಮ್ಮು.
ಮುಂದು, ಹಿಂದು, ಬೆನ್ನು, ಒಳಹಾಳೆ.
ಹನ್ನೆರಡು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ.
ಹಾಡು ಇರಲೇಬೇಕೆಂದಿಲ್ಲ, ಅಂದರು ಸುಚೇತಾ ಮೇಡಂ,
ಹೊದಿಕೆ ಇದ್ದರೆ ಸಾಕು.
ಸುತ್ತ ಮೂರು ಮಿಲಿಮೀಟರ್ ಬ್ಲೀಡ್ ಬಿಡಿ.
ಹಿಂದಿನ ಬೆಂಚಿನ ಧರಣೇಶ: ರಕ್ತ ಬರುತ್ತಾ ಮೇಡಂ?
ಬಣ್ಣ ಕಣೋ. ಅಂಚು ದಾಟಿ ಹರಿದ ಬಣ್ಣ.
ಕತ್ತರಿಗೆ ಅಂತ ಎತ್ತಿಟ್ಟ ಪಾಲು.

ಉಳಿದವರದು ಮೋಡ, ಗಿಟಾರು, ಹೆಡ್‌ಫೋನ್ ತೊಟ್ಟ ತಲೆಬುರುಡೆ.
ನಾನು ಪೆನ್ಷನ್ ಮೊಹಲ್ಲಾದ ಮನೆಯ ಟ್ರಂಕಿನಿಂದ
ನಾನಾರ ಬ್ಯಾಂಡ್ ಸೆಟ್ಟಿನ ಒಂದೇ ಒಂದು ಫೋಟೊ ತಂದೆ.
ಸ್ಕ್ಯಾನರಿನ ಬೆಳಕು ಹಸಿರು ಹುಳದಂತೆ ತೆವಳಿತು
ಕೋಟುಗಳ ಮೇಲೆ, ಉಬ್ಬಿದ ಕೆನ್ನೆಗಳ ಮೇಲೆ,
ದೊಡ್ಡ ಡ್ರಮ್ಮಿಗೆ ಬಳಿದ ಹೆಸರಿನ ಮೇಲೆ:
ನ್ಯೂ ಶಬನಮ್.

ಪರದೆಯ ಮೇಲೆ ದಾಸವಾಳ,
ಹೊಸಲೈನ್ ರಸ್ತೆಯ ಪ್ರಿಂಟಿನಲ್ಲಿ ಬೀಟ್‌ರೂಟು.
ಮೂರು ಸಲ ತಿದ್ದಿದೆ, ನೂರಿಪ್ಪತ್ತು ರೂಪಾಯಿ ಹೋಯಿತು.
ನಾನಾ, ನಿಜಕ್ಕೂ ಆ ಕೋಟು ಯಾವ ಕೆಂಪು?
ಬಾಡಿಗೆ ಕೋಟಮ್ಮಾ ಅದು,
ಬಣ್ಣ ಯಾರು ನೋಡಿದರು,
ತೋಳು ಹಿಡಿಸಿದರೆ ತೊಟ್ಟುಕೊಂಡೆವು.

ಚೌಕಕ್ಕೆ ಕೂರಿಸಿದೆ. ನಟ್ಟನಡುವೆ ಕ್ಲಾರಿನೆಟ್ಟು.
ನೀಲಿ ಗೆರೆ ಎಳೆದಾಗ ಕಂಡಳು,
ಎಡದಂಚಿಗೆ, ಸರಿಯಾಗಿ ಆ ಮೂರು ಮಿಲಿಮೀಟರಿನೊಳಗೆ:
ಸಿಂಬಿ, ಸಿಂಬಿಯ ಮೇಲೆ ಗ್ಯಾಸ್‌ಲೈಟು,
ಕೆಳಗೆ ಅರ್ಧ ಮುಖ.
ಹಿತ್ತಾಳೆಯೆಲ್ಲ ಹೊಳೆದದ್ದು ಅವಳ ತಲೆಯಿಂದ.
ದೀಪದ ಬುಡ ಕತ್ತಲೆ ಅಂತ
ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಐದಕ್ಕೆ ಐದು ತೆಗೆದವಳು ನಾನು.
ಆ ಬುಡಕ್ಕೆ ಮೂಗುತಿ ಇರುತ್ತದೆ ಅಂತ
ಬರೆದಿರಲಿಲ್ಲ.

ಯಾರು ಇವಳು?
ಲೈಟಿನೋಳು.
ಹೆಸರು?
ನಾನಾ ಗೋಡೆ ನೋಡಿದರು. ಊಟ ಬಿಟ್ಟು ಎದ್ದರು.
ರಾತ್ರಿ ಹನ್ನೊಂದಕ್ಕೆ ಹಾಸಿಗೆಯಿಂದಲೇ ಕೂಗು:
ಕೆಂಚಿ! ಸಾಲಗಾಮೆ ಕಡೆಯೋಳು.
ಒಂದ್ಸಲ ಕಟ್ಟಿನಕೆರೆ ತಿರುವಿನಲ್ಲಿ ಸೀಮೆಎಣ್ಣೆ ಮುಗಿದು
ಲೈಟು ಬುಸ್ಸಂತ ಆರಿತು. ನಾವು ನಿಲ್ಲಿಸಿದೆವು.
ಊದ್ರಿ ಊದ್ರಿ, ಕಿವಿಗೂ ಕತ್ತಲಾ? ಅಂದಳು.
ಊದಿದೆವು.

ಚಿತ್ರವನ್ನು ಬಲಕ್ಕೆ ಸರಿಸಿದೆ.
ಅವಳ ಉಳಿದರ್ಧ ಮುಖ ಫೋಟೊದಲ್ಲೇ ಇಲ್ಲ;
ಸ್ಟುಡಿಯೋದವನು ಆಗಲೇ ಒಮ್ಮೆ ಕತ್ತರಿಸಿದ್ದ.
ಖಾಲಿ ಜಾಗವನ್ನು ತಾನೇ ತುಂಬುವ ಸಲಕರಣೆಯೊಂದಿದೆ,
ಒತ್ತಿದೆ. ಅದು ಅವಳಿಗೆ
ಎರಡನೇ ಗ್ಯಾಸ್‌ಲೈಟು ಕೊಟ್ಟಿತು, ಕಿವಿಯ ಜಾಗದಲ್ಲಿ.
ಅಳಿಸಿದೆ. ಮತ್ತೆ ಒತ್ತಿದೆ: ಯಾರದೋ ನಗು.
ಅಳಿಸಿದೆ. ಕಪ್ಪು ಸುರಿದು ಬಿಟ್ಟೆ.
ಆ ಕಡೆ ಡ್ರಮ್ಮು ಗೆರೆಯಾಚೆ ಜಾರಿ
ಶಬನಮ್ಮಿನ ಕೊನೆಯ ಅಕ್ಷರ ಕತ್ತರಿಯ ಪಾಲಾಯಿತು.

ಹಿಂಬದಿಗೆ ಹಾಡುಗಳು, ಇಲ್ಲದವು, ಆದರೂ ನಿಮಿಷ ಸೆಕೆಂಡು ಸಮೇತ:
ಗಂಡಿನ ಕಡೆಯವರು ಬಸ್ಸಿಳಿದಾಗ. ನಾಲ್ಕು ಹನ್ನೆರಡು.
ಎಣ್ಣೆ ಮುಗಿದ ತಿರುವು. ಒಂಬತ್ತು ಸೊನ್ನೆ ಮೂರು.
ಊಟಕ್ಕೆ ಕರೆಯುವರೇನೋ. ಎರಡು ಐವತ್ತು.
ಕೆಳಗೆ ಸಣ್ಣಕ್ಷರ:
ಕ್ಲಾರಿನೆಟ್ ಬುಡೇನ್ ಸಾಬ್, ಟ್ರಂಪೆಟ್ ಅಂತೋಣಿ,
ಡ್ರಮ್ ಚಲುವ, ಬೆಳಕು ಕೆಂಚಿ.
ಒಂದು ಗಳಿಗೆ ಬಿಟ್ಟು
ಕೆಂಚಮ್ಮ ಅಂತ ತಿದ್ದಿದೆ. ಸಾಲು ಮುರಿಯಿತು.
ಅಕ್ಷರದ ಗಾತ್ರ ಅರ್ಧ ಪಾಯಿಂಟು ಇಳಿಸಿದೆ,
ಎಲ್ಲರದೂ.

ಇಪ್ಪತ್ತೈದಕ್ಕೆ ಹದಿನೇಳು.
ಸಮತೋಲ ತಪ್ಪಿದೆ, ಎಡಕ್ಕೆ ಭಾರ, ಬ್ಯಾಂಡಿನ ಹೆಸರು ಕತ್ತರಿಸಿದೆ.
ಮೇಡಂ ಬರೆದದ್ದರಲ್ಲಿ ತಪ್ಪೇನಿಲ್ಲ.

ಡಬ್ಬಿ ಈಗ ನಾನಾರ ದಿಂಬಿನ ಹತ್ತಿರ.
ಮುಂದಿನ ಹಲ್ಲು ಬಿದ್ದ ಮೇಲೆ ಅವರು ಊದಿಲ್ಲ.
ಆದರೂ ಉಳಿದ ಎರಡು ರೀಡುಗಳನ್ನು
ಬೆಂಕಿಪೊಟ್ಟಣದಿಂದ ತೆಗೆದು
ಡಿಸ್ಕ್ ಕೂರುವ ಗುಂಡಿಯಲ್ಲಿ ಅಡ್ಡಡ್ಡ ಇಟ್ಟಿದ್ದಾರೆ.
ಮುಚ್ಚಿದರೆ ಟಕ್ ಅನ್ನುತ್ತದೆ.
ಅದನ್ನೇ ದಿನಕ್ಕೆ ಹತ್ತು ಸಲ
ತೆಗೆದು ಮುಚ್ಚುತ್ತಾರೆ.