ಮೈನಸ್ ಎಂಬತ್ತು

ಶನಿವಾರ ಸಂಜೆಯ ಗಾಳಿಗೆ ನವುಲೆಯ ಹತ್ತಿರ ಕಂಬ ಬಿತ್ತು.
ಜನರೇಟರಿಗೆ ಡೀಸೆಲ್ ಇರಲಿಲ್ಲ; ಅದರ ಕಡತ
ಫೆಬ್ರವರಿಯಿಂದ ಮೇಜಿಂದ ಮೇಜಿಗೆ ನಡೆಯುತ್ತಲೇ ಇತ್ತು.
ರಾತ್ರಿ ಒಂಬತ್ತಕ್ಕೆ ವಾಚ್‌ಮನ್ ಇಸ್ಮಾಯಿಲ್ ಫೋನು:
‘ಮೇಡಂ, ನಿಮ್ಮ ದೊಡ್ಡ ಫ್ರಿಜ್ಜು ಕೂಗ್ತಾ ಇದೆ.’

ಮೈನಸ್ ಎಂಬತ್ತು ಇರಬೇಕಾದಲ್ಲಿ ನಲವತ್ತೊಂದು.
ನೋಡನೋಡುತ್ತ ನಲವತ್ತು.
ತೆರೆದರೆ ಇನ್ನೂ ಬೇಗ ಏರುತ್ತದೆ, ತೆರೆಯುವಂತಿಲ್ಲ.
ಮುಚ್ಚಿದ ಬಾಗಿಲಿಗೆ ಅಂಗೈಯೊತ್ತಿ
ಜ್ವರ ನೋಡುವವಳ ಹಾಗೆ ನಿಂತೆ.

ಒಳಗೆ ಮೂವತ್ತೊಂದು ವರ್ಷದ ಏಲಕ್ಕಿ ಎಲೆ,
ನಗರದ್ದು, ಯಡೂರಿನದು, ಕಟ್ಟಿನಕಾರಿನದು,
ಕಿರುಬೆರಳ ಉಗುರಿನಷ್ಟು ಚೂರುಗಳು.
ಪ್ರತಿ ಚೂರಿನಲ್ಲೂ ಕಟ್ಟೆರೋಗದ ವೈರಸ್ಸು:
ಎಂಟು ಸಾವಿರ ಚಿಲ್ಲರೆ ಅಕ್ಷರದ ಒಂದೇ ವಾಕ್ಯ,
ಕೊನೆಯವರೆಗೂ ಪೂರ್ಣವಿರಾಮವಿಲ್ಲ.
ನಾಲ್ಕೇ ಅಕ್ಷರ. ದೀರ್ಘವಿಲ್ಲ, ಒತ್ತಿಲ್ಲ.
ಬೆರಳ ಬೆವರು ತಾಗಿದರೆ ಮುರಿದು ಬೀಳುವ ನಾಜೂಕು,
ತೋಟಕ್ಕೆ ತೋಟವನ್ನೇ ಬೋಳು ಮಾಡುವ ಹಟ.

ಕಟ್ಟೆಯೆಂದರೆ ನನಗೆ ಅರಳಿಕಟ್ಟೆಯಷ್ಟೇ ಗೊತ್ತಿತ್ತು.
ಎಂ.ಎಸ್ಸಿ. ಮುಗಿಸಿ ಬಂದವಳಿಗೆ
ಆ ಹೆಸರಿನ ರೋಗ ತೋರಿಸಿದ್ದು ದ್ಯಾವಮ್ಮ, ಏಲಕ್ಕಿ ಕೊಯ್ಲಿನವಳು.
ಎಲೆಯನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ,
‘ಇದ್ಕೆ ಬಂದದೆ’ ಅಂದಳು.
ನನಗೆ ಬರೀ ಹಸಿರು ಕಂಡಿತು.
ನನ್ನ ಪರೀಕ್ಷೆಯೂ ಹಸಿರೆಂದೇ ಹೇಳಿತು.
ಆರು ವಾರಕ್ಕೆ ಸುಳಿಯೆಲೆಯ ಮೇಲೆ ತಿಳಿಹಳದಿ ಗೆರೆ,
ಬಾಚಣಿಗೆ ಎಳೆದ ಹಾಗೆ.
ಅವಳೇನೂ ಅನ್ನಲಿಲ್ಲ.
ಕವಳ ಮೆಲ್ಲುತ್ತ ಮುಂದಿನ ಗಿಡಕ್ಕೆ ಹೋದಳು.

ಆಮೇಲೆ ಸಸ್ಯಹೇನುಗಳ ವರ್ಷಗಳು.
ಒದ್ದೆ ಕುಂಚದ ತುದಿಯಲ್ಲಿ ಒಂದೊಂದನ್ನೇ ಎತ್ತಿ
ಒಂದು ಗಂಟೆ ಉಪವಾಸ ಕೆಡವಿ,
ರೋಗದೆಲೆಯ ಮೇಲೆ ಐದು ನಿಮಿಷ ಊಟಕ್ಕೆ ಬಿಟ್ಟು,
ಮತ್ತೆ ಎತ್ತಿ ಚೊಕ್ಕ ಗಿಡಕ್ಕೆ.
ಹೆಣ್ಣು ನೋಡಲು ಬಂದವರು ಕೇಳಿದರು, ಹುಡುಗಿಗೆ ಏನು ಕೆಲಸ?
ಅಮ್ಮ ಅಂದಳು, ಹೇನು ಸಾಕ್ತಾಳೆ.
ಕಾಫಿ ಮುಗಿಸಿ ಎದ್ದರು.

ಹನ್ನೆರಡು ಪ್ರಬಂಧ ಬಂದವು.
ಒಂದರ ಕೊನೆಯಲ್ಲಿ, ಕೃತಜ್ಞತೆಯ ಸಣ್ಣ ಅಕ್ಷರದಲ್ಲಿ
ಅವಳಿದ್ದಾಳೆ, ‘ದೇವಮ್ಮ’ ಎಂದು.
ತಿದ್ದುಪಡಿ ಕಳಿಸಬಹುದಿತ್ತು. ಕಳಿಸಲಿಲ್ಲ.
ಒಂದಕ್ಷರ ಬದಲಾದರೆ ರೋಗದ ಗುಣವೇ ಬೇರೆಯಾದೀತೆಂದು
ತರಗತಿ ತರಗತಿಗೂ ಹೇಳಿಕೊಟ್ಟವಳು ನಾನು.

ಹನ್ನೊಂದಕ್ಕೆ ಮೈನಸ್ ಇಪ್ಪತ್ತಾರು.
ಆಗ ನೆನಪಾದದ್ದು ಪಶುವೈದ್ಯ ತಿಪ್ಪೇಶ,
ಅವರ ದ್ರವ ಸಾರಜನಕದ ಕ್ಯಾನು,
ಅದರೊಳಗೆ ಬಣ್ಣಬಣ್ಣದ ಕಡ್ಡಿಗಳಲ್ಲಿ ಹೋರಿಗಳ ವೀರ್ಯ.
‘ತನ್ನಿ ಮೇಡಂ, ಹೋರಿಗಳೇನೂ ತಕರಾರು ಮಾಡಲ್ಲ.
ಆದರೆ ನಲವತ್ತಕ್ಕಿಂತ ಹೆಚ್ಚು ಹಿಡಿಯಲ್ಲ.’

ಒಂಬೈನೂರು ಕೊಳವೆಯಲ್ಲಿ ನಲವತ್ತು.
ಇಸ್ಮಾಯಿಲ್ ಟಾರ್ಚು ಹಿಡಿದ.
ಇದು ಸಾಯಲೆಂದೇ ಸಂಬಳ ತಿಂದವಳು
ಬದುಕಿಕೋ, ಬದುಕಿಕೋ ಎಂದು ಒಂದೊಂದನ್ನೇ ಹೆಕ್ಕಿದೆ.
ಏಳನೆಯದರ ಶಾಯಿ ಕಲಸಿಹೋಗಿತ್ತು;
ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದೆ.
‘ಏನು ಕಾಣುತ್ತೆ?’
‘ಬರೀ ಹಸಿರು.’

ತೊಡೆಯ ಮೇಲೆ ಥರ್ಮೋಕೋಲ್ ಪೆಟ್ಟಿಗೆ.
ಆಟೋ ತುಂಗೆಯ ಸೇತುವೆ ದಾಟುವಾಗ
ಊರಿಗೆ ಊರೇ ಕತ್ತಲು, ಹೊಳೆಯ ಸದ್ದು ಮಾತ್ರ ದೊಡ್ಡದು.

ಕ್ಯಾನಿನ ಬಿಳಿ ಹೊಗೆಯೊಳಗೆ ಕೊಳವೆಗಳು ಇಳಿದವು.
ತಿಪ್ಪೇಶ ಮೇಣದಬತ್ತಿಯಲ್ಲಿ ರಿಜಿಸ್ಟರು ತೆರೆದರು:
ದಿನಾಂಕ, ಸಂಖ್ಯೆ, ತಳಿ.
‘ತಳಿಗೆ ಏನು ಬರೀಲಿ? ಖಾಲಿ ಬಿಟ್ರೆ ಆಡಿಟ್ಟಿನವರು ಬಿಡಲ್ಲ.’
ಹೇಳಿದೆ.
ಅವರು ಬರೆಯತೊಡಗಿದರು, ‘ದೇ...’

‘ಅಲ್ಲ ಡಾಕ್ಟ್ರೇ,
ದಕಾರಕ್ಕೆ ಯ ಒತ್ತು.’